ಕಣ್ಣು ಬಿಟ್ಟುಕೊಂಡೇ ನಿದ್ದೆ: ರೆಪ್ಪೆ ಪೂರ್ತಿ ಮುಚ್ಚದಿದ್ದರೆ ಏನಾಗುತ್ತದೆ?

ಹೋದ ಬೇಸಿಗೆಯಲ್ಲಿ ತರೀಕೆರೆಯಲ್ಲಿ ನಮ್ಮ ಕಡೆಯ ಒಂದು ಮದುವೆ ಇತ್ತು. ವರಪೂಜೆ, ಊಟ ಎಲ್ಲ ಮುಗಿದ ಮೇಲೆ ಛತ್ರದ ಮಹಡಿಯಲ್ಲಿ ಜಮಖಾನೆ ಹಾಸಿ ಹೆಂಗಸರೆಲ್ಲ ಸಾಲಾಗಿ ಮಲಗಿದ್ದೆವು. ಬೆಳಿಗ್ಗೆ ಕಾಫಿ ಕುಡಿಯುವಾಗ ಚಿಕ್ಕಮ್ಮನ ಮಗಳು ಮುಖ ಊದಿಸಿಕೊಂಡು ಬಂದಳು.

"ಅಕ್ಕಾ, ರಾತ್ರಿ ಕೆಳಗೆ ಹೋಗ್ಬೇಕು, ಜೊತೆಗೆ ಬಾ ಅಂತ ಎರಡು ಸಲ ಕರೆದೆ. ನೀನು ಕಣ್ಣು ಬಿಟ್ಕೊಂಡು ನನ್ನನ್ನೇ ನೋಡ್ತಿದ್ದೆ. ಒಂದು ಮಾತೂ ಆಡ್ಲಿಲ್ಲ. ನನ್ನ ಮೇಲೆ ಏನು ಕೋಪ ನಿಂಗೆ?"

ನನಗೆ ಕೋಪವೂ ಇರಲಿಲ್ಲ, ಎಚ್ಚರವೂ ಇರಲಿಲ್ಲ. ಒಳ್ಳೆಯ ನಿದ್ದೆಯಲ್ಲಿದ್ದೆ. ಮನೆಗೆ ಬಂದು ಯಜಮಾನರನ್ನು ಕೇಳಿದೆ. "ನೀನು ಮೊದಲಿಂದ್ಲೂ ಹಾಗೇ ಅಲ್ವಾ ಮಲಗೋದು? ಅರೆಗಣ್ಣು ಬಿಟ್ಕೊಂಡು. ಅದು ನಿನ್ನ ಅಭ್ಯಾಸ ಅಂದ್ಕೊಂಡಿದ್ದೆ" ಅಂದರು. ನಮಗೆ ಮದುವೆಯಾಗಿ ಹನ್ನೊಂದು ವರ್ಷ.

ಅದರಲ್ಲಿ ಕೊನೆಯ ಮೂರ್ನಾಲ್ಕು ವರ್ಷ ನಾನು ಬೆಳಿಗ್ಗೆ ಎದ್ದ ತಕ್ಷಣ ಕಣ್ಣು ಬಿಡಲು ಹೆದರುತ್ತಿದ್ದೆ. ಮರಳು ಬಿದ್ದ ಹಾಗೆ ಚುಚ್ಚುತ್ತಿತ್ತು. ಎಡಗಣ್ಣು ಕೆಂಪಗೆ, ಮೂಲೆಯಲ್ಲಿ ದಾರದಂಥ ಗೀಜು. ಗೋಡೆ ಗಡಿಯಾರ ಮಸುಕು ಮಸುಕಾಗಿ ಕಾಣುತ್ತಿತ್ತು. ಹತ್ತು ಗಂಟೆ ಹೊತ್ತಿಗೆ ಎಲ್ಲ ಸರಿಹೋಗುತ್ತಿತ್ತು. ಸರಿಹೋಗುತ್ತದಲ್ಲ ಅಂತ ನಾನೂ ಸುಮ್ನಿದ್ದೆ. "ಮೊಬೈಲ್ ಜಾಸ್ತಿ ನೋಡ್ತೀಯ" ಅಂತ ಮನೆಯಲ್ಲಿ ಹೇಳಿದರು. ಕನ್ನಡಕ ಬದಲಾಯಿಸಿದೆ. ಔಷಧಿ ಅಂಗಡಿಯಲ್ಲಿ ಕೆಂಪು ಹೋಗಲಿ ಅಂತ ಕೊಟ್ಟ ಡ್ರಾಪ್ಸ್ ಹಾಕಿಕೊಂಡೆ. ರಾತ್ರಿ ಹೇಗೆ ಮಲಗುತ್ತೀರಿ ಅಂತ ಯಾರೂ ಕೇಳಲಿಲ್ಲ. ಕೇಳಿದ್ದರೂ ನನ್ನ ಹತ್ತಿರ ಉತ್ತರ ಇರಲಿಲ್ಲ. ನಿದ್ದೆಯಲ್ಲಿ ನಮ್ಮ ರೆಪ್ಪೆ ಮುಚ್ಚಿದೆಯೋ ಇಲ್ಲವೋ ನಮಗೆ ಹೇಗೆ ಗೊತ್ತಾಗಬೇಕು? ಪಕ್ಕದಲ್ಲಿ ಮಲಗಿದವರೇ ನೋಡಿ ಹೇಳಬೇಕು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಇದಕ್ಕೆ ವೈದ್ಯರು ಇಟ್ಟಿರುವ ಹೆಸರು ನಾಕ್ಟರ್ನಲ್ ಲ್ಯಾಗಾಫ್ತಾಲ್ಮಸ್. ಹೆಸರು ಉದ್ದ, ಅರ್ಥ ಮಾತ್ರ ಚೆನ್ನಾಗಿದೆ. ಗ್ರೀಕ್ ಭಾಷೆಯಲ್ಲಿ ಲಾಗೋಸ್ ಅಂದರೆ ಮೊಲ, ಆಫ್ತಾಲ್ಮೋಸ್ ಅಂದರೆ ಕಣ್ಣು. ಮೊಲ ಕಣ್ಣು ಬಿಟ್ಟುಕೊಂಡೇ ನಿದ್ದೆ ಮಾಡುತ್ತದೆ ಅಂತ ಹಿಂದಿನವರು ನಂಬಿದ್ದರು, ಅದಕ್ಕೇ ಈ 'ಮೊಲಗಣ್ಣು'. ರೆಪ್ಪೆ ಪೂರ್ತಿ ಮುಚ್ಚದಿರುವುದು ಲ್ಯಾಗಾಫ್ತಾಲ್ಮಸ್. ಅದು ನಿದ್ದೆಯಲ್ಲಿ ಆದರೆ ಮುಂದೆ ನಾಕ್ಟರ್ನಲ್ ಅಂತ ಸೇರುತ್ತದೆ. ಕಣ್ಣು ಪೂರ್ತಿ ತೆರೆದೇ ಇರಬೇಕು ಅಂತೇನಿಲ್ಲ. ಹೆಚ್ಚಿನವರಲ್ಲಿ ಎರಡು ರೆಪ್ಪೆಗಳ ನಡುವೆ ಒಂದೆರಡು ಮಿಲಿಮೀಟರ್ ಸಂದು, ಅಷ್ಟೇ.

ಅಷ್ಟು ಸಣ್ಣ ಸಂದು ಏನು ಮಾಡೀತು ಅನ್ನಿಸುತ್ತದೆ ಅಲ್ವಾ? ಅದು ತಿಳಿಯಬೇಕಾದರೆ ರೆಪ್ಪೆ ಮಾಡುವ ಕೆಲಸ ಏನು ಅಂತ ನೋಡಬೇಕು.

'ಕಣ್ಣ ರೆಪ್ಪೆಯ ಹಾಗೆ ಕಾಪಾಡಿದಳು' ಅಂತೀವಿ. ಈ ಮಾತು ಕಣ್ಣಿನ ಮಟ್ಟಿಗೆ ಅಕ್ಷರಶಃ ನಿಜ. ಎಚ್ಚರ ಇರುವಾಗ ನಾವು ನಿಮಿಷಕ್ಕೆ ಸುಮಾರು 15 ಸಲ ರೆಪ್ಪೆ ಬಡಿಯುತ್ತೇವೆ. ದಿನಕ್ಕೆ 14,000ದ ಆಸುಪಾಸು ಆಯಿತು. 'ನಿಮಿಷ' ಅನ್ನುವ ಪದದ ಮೂಲ ಅರ್ಥವೇ ರೆಪ್ಪೆ ಬಡಿಯುವುದು. ದೇವತೆಗಳು ರೆಪ್ಪೆ ಬಡಿಯುವುದಿಲ್ಲ, ಅದಕ್ಕೇ ಅವರು ಅನಿಮಿಷರು. ಸ್ವಯಂವರದಲ್ಲಿ ನಳನ ವೇಷ ಹಾಕಿ ಕೂತ ದೇವತೆಗಳ ನಡುವೆ ದಮಯಂತಿ ನಿಜವಾದ ನಳನನ್ನು ಗುರುತು ಹಿಡಿದದ್ದೂ ಹೀಗೇ. ಮನುಷ್ಯನ ಕಣ್ಣು ರೆಪ್ಪೆ ಬಡಿಯಲೇಬೇಕು.

ಯಾಕೆಂದರೆ ಕಣ್ಣಿನ ಎದುರಿಗೆ ಕೈಗಡಿಯಾರದ ಗಾಜಿನಂಥ ಒಂದು ಪಾರದರ್ಶಕ ಪದರ ಇದೆ. ಅದೇ ಕಾರ್ನಿಯಾ. ನೇತ್ರದಾನದಲ್ಲಿ ಇನ್ನೊಬ್ಬರಿಗೆ ಕಸಿ ಮಾಡುವುದು ಇದನ್ನೇ. 2021ರಲ್ಲಿ ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಅವರ ಎರಡು ಕಾರ್ನಿಯಾಗಳನ್ನು ಪದರ ಬಿಡಿಸಿ ನಾಲ್ಕು ಜನರಿಗೆ ದೃಷ್ಟಿ ಕೊಟ್ಟರಲ್ಲ, ಆ ಕಾರ್ನಿಯಾ. ನಡುವೆ ಅದರ ದಪ್ಪ ಅರ್ಧ ಮಿಲಿಮೀಟರಿಗಿಂತ ಚೂರು ಜಾಸ್ತಿ. ಬೆಳಕು ತಡೆಯಿಲ್ಲದೆ ಒಳಗೆ ಹೋಗಬೇಕು, ಹಾಗಾಗಿ ಅದರಲ್ಲಿ ರಕ್ತನಾಳವೇ ಇಲ್ಲ. ರಕ್ತ ಇಲ್ಲದ ಮೇಲೆ ಉಸಿರು ಎಲ್ಲಿಂದ? ಹಗಲು ಹೊತ್ತು ಗಾಳಿಯ ಆಮ್ಲಜನಕ ಕಣ್ಣೀರಿನಲ್ಲಿ ಕರಗಿ ಅದಕ್ಕೆ ಸಿಗುತ್ತದೆ. ರಾತ್ರಿ ಮುಚ್ಚಿದ ರೆಪ್ಪೆಯ ಒಳಮೈಯ ರಕ್ತನಾಳಗಳಿಂದ ಸಿಗುತ್ತದೆ. ರಕ್ತನಾಳ ಇಲ್ಲದಿದ್ದರೂ ನರಗಳು ಮಾತ್ರ ಕಿಕ್ಕಿರಿದಿವೆ. ಇಡೀ ಮೈಯಲ್ಲಿ ನರ ತುಂಬ ದಟ್ಟವಾಗಿರುವ ಜಾಗಗಳಲ್ಲಿ ಇದೂ ಒಂದು. ಒಂದು ಕಣ ಧೂಳು ಬಿದ್ದರೂ ಪ್ರಾಣ ಹೋದ ಹಾಗಾಗುವುದು ಅದಕ್ಕೇ.

ಈ ಕಾರ್ನಿಯಾದ ಮೇಲೆ ಯಾವಾಗಲೂ ಕಣ್ಣೀರಿನ ತೆಳು ಪೊರೆ ಇರಬೇಕು. ಅಳುವ ಕಣ್ಣೀರಲ್ಲ, ಸದಾ ಇರುವ ಪಸೆ. ಅದು ಬರೀ ನೀರಲ್ಲ. ಕಾರ್ನಿಯಾಕ್ಕೆ ಅಂಟಿಕೊಳ್ಳಲು ಕೆಳಗೆ ಲೋಳೆ, ಅದರ ಮೇಲೆ ನೀರು, ನೀರು ಆರದ ಹಾಗೆ ಮೇಲೊಂದು ಎಣ್ಣೆಯ ತೆಳು ಪದರ. ಸಾರಿನ ಮೇಲೆ ಒಗ್ಗರಣೆ ಎಣ್ಣೆ ಹರಡಿಕೊಂಡು ನಿಲ್ಲುತ್ತದಲ್ಲ, ಹಾಗೆ. ಎಣ್ಣೆ ಬರುವುದು ರೆಪ್ಪೆಯಂಚಿನಲ್ಲಿ ಸಾಲಾಗಿರುವ ಸಣ್ಣ ಗ್ರಂಥಿಗಳಿಂದ. ರೆಪ್ಪೆ ಬಡಿದಾಗಲೆಲ್ಲ ಚೂರು ಎಣ್ಣೆ ಒಸರುತ್ತದೆ. ರೆಪ್ಪೆ ಅದನ್ನೂ ನೀರನ್ನೂ ಕಣ್ಣಿನ ತುಂಬ ಸವರುತ್ತದೆ, ಕಸವನ್ನು ಮೂಲೆಗೆ ತಳ್ಳುತ್ತದೆ.

ರಾತ್ರಿ ರೆಪ್ಪೆ ಬಡಿಯುವುದು ನಿಲ್ಲುತ್ತದೆ. ಕಣ್ಣೀರು ಊರುವುದೂ ತುಂಬ ಕಡಿಮೆಯಾಗುತ್ತದೆ. ಹಾಗಾದರೂ ತೊಂದರೆ ಆಗುವುದಿಲ್ಲ, ಯಾಕೆಂದರೆ ಬಾಗಿಲು ಹಾಕಿದೆ. ಮುಚ್ಚಳ ಮುಚ್ಚಿದ ಪಾತ್ರೆಯಲ್ಲಿ ಪಸೆ ಉಳಿದ ಹಾಗೆ ಉಳಿಯುತ್ತದೆ. ಮುಚ್ಚಳ ಒಂದು ಗೆರೆಯಷ್ಟು ತೆರೆದೇ ಇದ್ದರೆ? ಆರೇಳು ಗಂಟೆ ಹೊತ್ತು, ಮೇಲೆ ಫ್ಯಾನ್ ತಿರುಗುತ್ತಿರುವಾಗ, ಆ ಸಂದಿನಲ್ಲಿ ಸಿಕ್ಕ ಜಾಗ ಒಣಗುತ್ತಲೇ ಇರುತ್ತದೆ. ಹಗಲಿನಲ್ಲಿ ಹಾಗೆ ಒಣಗಿದರೆ ನರ ಚುರುಕ್ ಅನ್ನಿಸಿ ರೆಪ್ಪೆ ಬಡಿಸುತ್ತದೆ. ನಿದ್ದೆಯಲ್ಲಿ ಆ ದೂರು ಕೇಳುವವರು ಯಾರೂ ಇಲ್ಲ.

ಆದರೂ ಕಣ್ಣಿಗೆ ಇನ್ನೊಂದು ಕಾವಲಿದೆ. ರೆಪ್ಪೆ ಮುಚ್ಚಲು ಹೊರಟಾಗ ಕಣ್ಣುಗುಡ್ಡೆ ತಾನಾಗಿಯೇ ಮೇಲಕ್ಕೆ ಹೊರಳುತ್ತದೆ. ಸ್ಕಾಟ್ಲೆಂಡಿನ ಚಾರ್ಲ್ಸ್ ಬೆಲ್ ಅನ್ನುವ ಅಂಗರಚನಾ ತಜ್ಞ 19ನೇ ಶತಮಾನದ ಮೊದಲ ಭಾಗದಲ್ಲಿ ಇದನ್ನು ವಿವರಿಸಿದ, ಹಾಗಾಗಿ ಬೆಲ್ಸ್ ಫಿನಾಮಿನನ್ ಅಂತ ಹೆಸರು. ಮಗು ಅರೆಗಣ್ಣು ಬಿಟ್ಟುಕೊಂಡು ಮಲಗಿದಾಗ ಬರೀ ಬಿಳಿ ಭಾಗ ಕಂಡು ಅಮ್ಮಂದಿರು ಗಾಬರಿಯಾಗುವುದು ಇದರಿಂದಲೇ. ಗಾಬರಿ ಬೇಡ. ಬಿಳಿ ಕಾಣುತ್ತಿದೆ ಅಂದರೆ ಕಾರ್ನಿಯಾ ಮೇಲಿನ ರೆಪ್ಪೆಯ ಅಡಿ ಕ್ಷೇಮವಾಗಿದೆ ಅಂತ. ತೊಂದರೆ ಆಗುವುದು ಹೀಗೆ ಹೊರಳುವ ಗುಣ ಕಡಿಮೆ ಇರುವವರಿಗೆ. ಅವರಲ್ಲಿ ಸಂದಿಗೆ ಸಿಗುವುದು ಕಾರ್ನಿಯಾದ ಕೆಳಗಿನ ಭಾಗ.

ನಾನು ಕೊನೆಗೆ ಕಣ್ಣಿನ ವೈದ್ಯರ ಹತ್ತಿರ ಹೋದದ್ದು ಬೆಳಿಗ್ಗೆ ಒಂಬತ್ತಕ್ಕೆ. ಹಾಗೆ ಹೋದದ್ದು ಒಳ್ಳೆಯದಾಯಿತು. ನೀವೂ ಸಾಧ್ಯವಾದರೆ ಬೆಳಿಗ್ಗೆ ಬೇಗ ತೋರಿಸಿಕೊಳ್ಳಿ, ಸಂಜೆ ಹೊತ್ತಿಗೆ ಗುರುತು ಮಾಸಿರಬಹುದು. ಫ್ಲೋರೆಸಿನ್ ಅನ್ನುವ ಕಿತ್ತಳೆ ಬಣ್ಣದ ಕಾಗದದ ಪಟ್ಟಿಯನ್ನು ಒದ್ದೆ ಮಾಡಿ ಡಾಕ್ಟರಮ್ಮ ನನ್ನ ಕೆಳರೆಪ್ಪೆಯ ಒಳಗೆ ಮುಟ್ಟಿಸಿದರು. ಕಣ್ಣನ್ನು ದೊಡ್ಡದು ಮಾಡಿ ನೋಡುವ ಸ್ಲಿಟ್ ಲ್ಯಾಂಪ್ ಅನ್ನುವ ಯಂತ್ರದ ಮೇಲೆ ಗದ್ದ ಇಡಿಸಿ ನೀಲಿ ಬೆಳಕು ಬಿಟ್ಟರು. ಆಮೇಲೆ ಅದರ ಫೋಟೋ ತೋರಿಸಿದರು. ಕಾರ್ನಿಯಾದ ಕೆಳಗಿನ ಭಾಗದಲ್ಲಿ, ಎಡದಿಂದ ಬಲಕ್ಕೆ, ಒಂದು ಪಟ್ಟಿಯ ಹಾಗೆ ಹಸಿರು ಚುಕ್ಕಿಗಳು. ರಂಗೋಲಿ ಪುಡಿ ಉದುರಿದ ಹಾಗೆ. ಒಂದೊಂದು ಚುಕ್ಕಿಯೂ ಮೇಲ್ಪದರದ ಜೀವಕೋಶ ಒಣಗಿ ಕಿತ್ತುಹೋದ ಜಾಗ. ಬಣ್ಣ ಅಲ್ಲಿ ಮಾತ್ರ ಹಿಡಿಯುತ್ತದೆ. "ರಾತ್ರಿ ನಿಮ್ಮ ರೆಪ್ಪೆ ಎಲ್ಲಿಗೆ ಬಂದು ನಿಲ್ಲುತ್ತೆ ಅಂತ ನಿಮ್ಮ ಕಣ್ಣೇ ಗೆರೆ ಹಾಕಿಟ್ಟಿದೆ ನೋಡಿ" ಅಂದರು. ಈ ಸ್ಥಿತಿಗೆ ಎಕ್ಸ್‌ಪೋಷರ್ ಕೆರಟೋಪತಿ ಅಂತಾರೆ. ತೆರೆದಿಟ್ಟದ್ದರಿಂದ ಕಾರ್ನಿಯಾಕ್ಕೆ ಆದ ಹಾನಿ.

ಇನ್ನೊಂದು ಪರೀಕ್ಷೆಯನ್ನೂ ಮಾಡಿದರು. ಕುರ್ಚಿ ಹಿಂದಕ್ಕೆ ಒರಗಿಸಿ, "ಬಿಗಿಯಾಗಿ ಮುಚ್ಚಬೇಡಿ, ನಿದ್ದೆ ಬಂದ ಹಾಗೆ ಸುಮ್ನೆ ಮುಚ್ಚಿ" ಅಂದರು. ಮೇಲಿನ ರೆಪ್ಪೆಗೆ ಸಣ್ಣ ಟಾರ್ಚ್ ಒತ್ತಿ ಹಿಡಿದು, ಕೆಳಗಿನಿಂದ ಬಗ್ಗಿ ನೋಡಿದರು. ರೆಪ್ಪೆ ಸರಿಯಾಗಿ ಕೂತಿದ್ದರೆ ಅಂಚಿನಲ್ಲಿ ಬೆಳಕು ಕಾಣಬಾರದು. ನನ್ನ ಎಡಗಣ್ಣಿನಲ್ಲಿ ಬಾಗಿಲ ಸಂದಿನ ಬೆಳಕಿನ ಹಾಗೆ ಕಂಡಿತಂತೆ. ಕೆಳಗಿನಿಂದಲೇ ಯಾಕೆ ನೋಡಬೇಕು ಅಂದರೆ, ಎಷ್ಟೋ ಸಲ ಮೇಲಿನ ರೆಪ್ಪೆಗೂದಲು ಸಂದನ್ನು ಮುಚ್ಚಿಬಿಡುತ್ತದೆ. ಎದುರಿಗೆ ನಿಂತು ನೋಡಿದವರಿಗೆ ಕಣ್ಣು ಮುಚ್ಚಿದ ಹಾಗೇ ಕಾಣುತ್ತದೆ.

ಹೀಗಿದ್ದಾಗ ಮನೆಯಲ್ಲಿ ಅನುಮಾನ ಪಡುವುದು ಹೇಗೆ? ಮುಖ್ಯ ಸುಳಿವು ಹೊತ್ತು. ಮಾಮೂಲಿ ಕಣ್ಣು ಒಣಗುವ ತೊಂದರೆ, ಕಂಪ್ಯೂಟರ್ ಮುಂದೆ ಕೂತು ಬರುವಂಥದ್ದು, ಸಾಮಾನ್ಯವಾಗಿ ಸಂಜೆ ಹೊತ್ತಿಗೆ ಜಾಸ್ತಿಯಾಗುತ್ತದೆ. ಪರದೆ ನೋಡುವಾಗ ರೆಪ್ಪೆ ಬಡಿಯುವುದು ತುಂಬ ಕಡಿಮೆಯಾಗುವುದೇ ಅದಕ್ಕೆ ಕಾರಣ. ರಾತ್ರಿ ರೆಪ್ಪೆ ಮುಚ್ಚದವರಿಗೆ ಎದ್ದ ಹೊತ್ತೇ ಕಷ್ಟ, ಹೊತ್ತು ಏರಿದ ಹಾಗೆ ಹಗುರ. ಸಾಮಾನ್ಯವಾಗಿ ಒಂದು ಕಣ್ಣಿಗೆ ಇನ್ನೊಂದಕ್ಕಿಂತ ಜಾಸ್ತಿ ಇರುತ್ತದೆ. ಬೆಳಗಿನ ಉರಿಗೆ ಇದೊಂದೇ ಕಾರಣ ಅಂತಲ್ಲ. ರೆಪ್ಪೆಯಂಚಿನ ಉರಿಯೂತದಲ್ಲೂ ಬೆಳಿಗ್ಗೆ ಅಂಟು, ಉರಿ ಇರುತ್ತದೆ. ಹಿಂದೆ ಯಾವತ್ತೋ ಉಗುರೋ ಕಾಗದದ ಅಂಚೋ ತಾಗಿ ಕಾರ್ನಿಯಾ ಗೀರಿದ್ದವರಿಗೆ, ಎದ್ದು ಕಣ್ಣು ಬಿಡುವಾಗ ಆ ಜಾಗ ಮತ್ತೆ ಕಿತ್ತುಬಂದು ತಡೆಯಲಾರದ ನೋವು ಬರುವುದೂ ಉಂಟು. ಯಾವುದು ಅಂತ ವೈದ್ಯರೇ ಹೇಳಬೇಕು. ಆದರೆ "ಬೆಳಿಗ್ಗೆ ಜಾಸ್ತಿ" ಅನ್ನುವ ಒಂದು ಮಾತನ್ನು ಅವರಿಗೆ ತಪ್ಪದೆ ಹೇಳಿ. ನಾನು ಮೂರು ವರ್ಷ "ಕಣ್ಣು ಉರಿ" ಅಂತಷ್ಟೇ ಹೇಳುತ್ತಿದ್ದೆ.

ರೆಪ್ಪೆ ಯಾಕೆ ಮುಚ್ಚುವುದಿಲ್ಲ? ನನ್ನಂಥ ಎಷ್ಟೋ ಜನರಲ್ಲಿ ಹೇಳಿಕೊಳ್ಳುವಂಥ ಕಾರಣವೇ ಇರುವುದಿಲ್ಲ. ರೆಪ್ಪೆಯ ಅಳತೆ, ಕಣ್ಣುಗುಡ್ಡೆಯ ಉಬ್ಬು, ಇವೆರಡರ ಹೊಂದಾಣಿಕೆಯಲ್ಲಿ ಚೂರು ಕೊರತೆ. ಕೆಲವು ಸಲ ಮನೆತನದಲ್ಲೇ ಬಂದಿರುತ್ತದೆ. ನಮ್ಮ ಅಜ್ಜಿಯೂ ಹೀಗೇ ಮಲಗುತ್ತಿದ್ದರಂತೆ, ಅಮ್ಮ ಈಗ ಹೇಳುತ್ತಾರೆ. ಕೆಲವರಿಗೆ ಕಾರಣ ಇರುತ್ತದೆ. ಥೈರಾಯ್ಡ್ ಜಾಸ್ತಿಯಾಗಿ ಕಣ್ಣು ಮುಂದಕ್ಕೆ ಬಂದಿರಬಹುದು. ಸುಟ್ಟ ಗಾಯ, ಆ್ಯಸಿಡ್ ಗಾಯ ಮಾಗುವಾಗ ಚರ್ಮ ಎಳೆದು ರೆಪ್ಪೆ ಮೇಲೆ ನಿಂತಿರಬಹುದು. ಜೋಲುರೆಪ್ಪೆಗೆ ಆಪರೇಷನ್ ಮಾಡಿದಾಗ ಸ್ವಲ್ಪ ಹೆಚ್ಚೇ ಎತ್ತಿರಬಹುದು. ಜೋರಾಗಿ ಗೊರಕೆ ಹೊಡೆದು ನಡುನಡುವೆ ಉಸಿರು ಕಟ್ಟುವವರಲ್ಲಿ ಕೆಲವರಿಗೆ ರೆಪ್ಪೆ ರಬ್ಬರಿನ ಹಾಗೆ ಸಡಿಲವಾಗಿ, ಮಗ್ಗುಲಾಗಿ ಮಲಗಿದಾಗ ದಿಂಬಿಗೆ ತಾಗಿ ಮಗುಚಿಕೊಳ್ಳುತ್ತದೆ. ನಿದ್ದೆ ಮಾತ್ರೆ, ಕುಡಿತ ಕೂಡ ರೆಪ್ಪೆ ಸಡಿಲ ಬಿಡುವ ಹಾಗೆ ಮಾಡಬಹುದು.

ನಿಂತು ಮಾತಾಡಬೇಕಾದ ಕಾರಣ ಎರಡಿವೆ.

ಒಂದು, ಮುಖದ ಲಕ್ವ. ರೆಪ್ಪೆಯನ್ನು ಎತ್ತುವ ಸ್ನಾಯು ಬೇರೆ, ಮುಚ್ಚುವ ಸ್ನಾಯು ಬೇರೆ. ಮುಚ್ಚುವುದು ಕಣ್ಣಿನ ಸುತ್ತ ಉಂಗುರದ ಹಾಗಿದೆ, ಸಂಚಿಯ ಬಾಯಿಗೆ ಪೋಣಿಸಿದ ದಾರದ ಹಾಗೆ ಬಿಗಿಯುತ್ತದೆ. ಅದನ್ನು ನಡೆಸುವುದು ಕಿವಿಯ ಹಿಂಭಾಗದಿಂದ ಮುಖಕ್ಕೆ ಹರಡುವ ಏಳನೇ ನರ. ಆ ನರ ಊದಿಕೊಂಡು ಕೆಲಸ ನಿಲ್ಲಿಸಿದರೆ ಬೆಲ್ಸ್ ಪಾಲ್ಸಿ. ಬಾಯಿ ಒಂದು ಕಡೆ ವಾಲುತ್ತದೆ, ಆ ಕಡೆಯ ಹಣೆ ಸುಕ್ಕುಗಟ್ಟುವುದಿಲ್ಲ, ಕಣ್ಣು ಮುಚ್ಚುವುದಿಲ್ಲ. ಎತ್ತುವ ಸ್ನಾಯುವಿಗೆ ಬೇರೆ ನರ, ಅದು ಸರಿಯಾಗಿಯೇ ಇರುತ್ತದೆ. ಹಾಗಾಗಿ ರೆಪ್ಪೆ ಮೇಲೆ ಹೋಗಿದ್ದು ಕೆಳಗೆ ಬರುವುದಿಲ್ಲ.

ನಮ್ಮ ಚಿಕ್ಕಪ್ಪನಿಗೆ ಇದು ಬಂದಾಗ ಮನೆಯಲ್ಲಿ ಗಾಳಿ ಸೋಕಿದೆ ಅಂದರು. ಎರಡು ದಿನ ತಾಯಿತ, ಬಿಸಿ ಶಾಖ ಅಂತಲೇ ಹೋಯಿತು. ಆಮೇಲೆ ಆಸ್ಪತ್ರೆಗೆ ಹೋದರು, ಮಾತ್ರೆ ಕೊಟ್ಟರು, ಮುಖದ ವ್ಯಾಯಾಮ ಹೇಳಿಕೊಟ್ಟರು. ಬಾಯಿ ನೆಟ್ಟಗಾಯಿತಾ ಅಂತ ದಿನಾ ಕನ್ನಡಿ ನೋಡಿಸಿದೆವು. ಕಣ್ಣಿನ ಬಗ್ಗೆ ನಮ್ಮಲ್ಲಿ ಒಬ್ಬರಿಗೂ ಯೋಚನೆ ಬರಲಿಲ್ಲ. ಅವರು ಆ ತೆರೆದ ಕಣ್ಣಿನಲ್ಲೇ ಬೈಕ್ ಓಡಿಸಿಕೊಂಡು ಅಡಿಕೆ ಮಂಡಿಗೆ ಹೋಗಿಬರುತ್ತಿದ್ದರು. ಮೂರು ತಿಂಗಳಲ್ಲಿ ಬಾಯಿ ನೆಟ್ಟಗಾಯಿತು. ಬಲಗಣ್ಣಿನ ಕಪ್ಪು ಭಾಗದ ಮೇಲೆ ಅಕ್ಕಿಕಾಳಿನಷ್ಟು ಬಿಳಿ ಕಲೆ ಉಳಿಯಿತು. ಈಗಲೂ ಇದೆ. ಪೇಪರ್ ಓದುವಾಗ ಆ ಕಣ್ಣನ್ನು ಕೈಯಿಂದ ಮುಚ್ಚಿಕೊಳ್ಳುತ್ತಾರೆ.

ಬೆಲ್ಸ್ ಪಾಲ್ಸಿ ಬಹಳಷ್ಟು ಜನರಲ್ಲಿ ವಾರಗಳಲ್ಲಿ, ತಿಂಗಳುಗಳಲ್ಲಿ ವಾಸಿಯಾಗುತ್ತದೆ. ಸ್ಟೀರಾಯ್ಡ್ ಮಾತ್ರೆಯನ್ನು ಮೊದಲ 72 ಗಂಟೆಯೊಳಗೆ ಶುರು ಮಾಡಿದರೆ ವಾಸಿಯಾಗುವ ಸಂಭವ ಜಾಸ್ತಿ. ಮುಖ ವಾಲಿದಾಗ ಅದು ಮೆದುಳಿನ ಸ್ಟ್ರೋಕ್ ಕೂಡ ಇರಬಹುದು. ಯಾವುದೆಂದು ಮನೆಯಲ್ಲಿ ತೀರ್ಮಾನ ಮಾಡುತ್ತಾ ಕೂರದೆ ತಕ್ಷಣ ಹೊರಡಬೇಕು. ನರ ಚೇತರಿಸಿಕೊಳ್ಳುವವರೆಗೆ ಕಣ್ಣನ್ನು ನಾವೇ ಕಾಯಬೇಕು. ಹಗಲು ಹನಿ, ರಾತ್ರಿ ಮುಲಾಮು, ಹೊರಗೆ ಹೋಗುವಾಗ ಸುತ್ತ ಮುಚ್ಚುವ ಕನ್ನಡಕ. ಇಷ್ಟು ಮಾಡಿದ್ದರೆ ಚಿಕ್ಕಪ್ಪನ ಕಣ್ಣು ಉಳಿಯುತ್ತಿತ್ತು.

ಇನ್ನೊಂದು ಕಾರಣ, ಕುಷ್ಠ. ಈ ಕಾಯಿಲೆ ಹೋಯಿತು ಅಂತ ತುಂಬ ಜನ ತಿಳಿದಿದ್ದಾರೆ. ಹತ್ತು ಸಾವಿರಕ್ಕೆ ಒಬ್ಬರಿಗಿಂತ ಕಡಿಮೆ ಅನ್ನುವ ಮಟ್ಟಕ್ಕೆ ನಮ್ಮ ದೇಶ 2005ರಲ್ಲಿ ಬಂದದ್ದು ನಿಜ. ಆದರೆ ಇವತ್ತಿಗೂ ಪ್ರಪಂಚದಲ್ಲಿ ಹೊಸದಾಗಿ ಪತ್ತೆಯಾಗುವ ಕುಷ್ಠ ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಭಾರತದವರು. ರೋಗಾಣು ನರಕ್ಕೆ ಹೋಗಿ ಕೂರುತ್ತದೆ. ಕೆನ್ನೆಯ ಮೇಲೆ ಹಾದುಹೋಗುವ ಏಳನೇ ನರದ ಕವಲಿಗೆ ಪೆಟ್ಟು ಬಿದ್ದರೆ ರೆಪ್ಪೆ ಮುಚ್ಚುವುದಿಲ್ಲ. ಇಷ್ಟೇ ಆದರೆ ಉರಿಯಾದರೂ ಎಚ್ಚರಿಸುತ್ತಿತ್ತು. ಕುಷ್ಠದಲ್ಲಿ ಕಾರ್ನಿಯಾದ ಸ್ಪರ್ಶಜ್ಞಾನವೂ ಹೋಗಬಹುದು. ಒಣಗಿದರೂ ಗೊತ್ತಾಗುವುದಿಲ್ಲ, ಧೂಳು ಬಿದ್ದರೂ ಗೊತ್ತಾಗುವುದಿಲ್ಲ, ಹುಣ್ಣಾದರೂ ನೋಯುವುದಿಲ್ಲ. ಕೈಬೆರಳಿನ ಸ್ಪರ್ಶವೂ ಇಲ್ಲದ, ದೃಷ್ಟಿಯೂ ಇಲ್ಲದ ಬದುಕು ಎಂಥದ್ದು ಅಂತ ಒಂದು ಕ್ಷಣ ಯೋಚಿಸಿ. ವಿಶ್ವ ಆರೋಗ್ಯ ಸಂಸ್ಥೆ ಕುಷ್ಠದ ಅಂಗವೈಕಲ್ಯವನ್ನು ಅಳೆಯುವಾಗ ಕಣ್ಣನ್ನೂ ಸೇರಿಸಿರುವುದು, ರೆಪ್ಪೆ ಮುಚ್ಚದಿರುವುದನ್ನು ಗಂಭೀರ ದರ್ಜೆಯಲ್ಲಿ ಇಟ್ಟಿರುವುದು ಸುಮ್ನೆ ಅಲ್ಲ. ಔಷಧಿ ಸರ್ಕಾರದಿಂದ ಉಚಿತ. ನರದ ತೊಂದರೆ ಹೊಸದಾಗಿದ್ದಾಗಲೇ ಹಿಡಿದರೆ ರೆಪ್ಪೆಯ ಬಲ ಮರಳುವ ಅವಕಾಶ ಇದೆ. ತಡವಾದರೆ ಆಪರೇಷನ್. ಅಗಿಯುವ ಸ್ನಾಯುವಿನ ಒಂದು ಪಟ್ಟಿಯನ್ನು ಕಣತಲೆಯಿಂದ ತಂದು ರೆಪ್ಪೆಗೆ ಜೋಡಿಸುತ್ತಾರೆ. ಆಮೇಲೆ ಆ ರೋಗಿ ಹಲ್ಲು ಕಚ್ಚಿದರೆ ಕಣ್ಣು ಮುಚ್ಚುತ್ತದೆ. ಹಗಲೆಲ್ಲ ನೆನಪಿಟ್ಟುಕೊಂಡು ಹಲ್ಲು ಕಚ್ಚುವುದನ್ನು ಅವರು ರೂಢಿ ಮಾಡಿಕೊಳ್ಳಬೇಕು. ನಾವು ದಿನಕ್ಕೆ ಸಾವಿರಾರು ಸಲ ಯೋಚನೆಯೇ ಇಲ್ಲದೆ ಮಾಡುವ ಕೆಲಸ ಅದು.

ಮಕ್ಕಳ ವಿಷಯ ಬೇಗ ಹೇಳಿಬಿಡುತ್ತೇನೆ. ಹಸುಗೂಸುಗಳು ಅರೆಗಣ್ಣು ಬಿಟ್ಟು ಮಲಗುವುದು ತುಂಬ ಮಾಮೂಲಿ. ಕನಸಿನ ನಿದ್ದೆ ಅವಕ್ಕೆ ಜಾಸ್ತಿ, ಆಗ ರೆಪ್ಪೆ ಅದುರುತ್ತದೆ, ಗುಡ್ಡೆ ಓಡಾಡುತ್ತದೆ. ಬೆಳೆಯುತ್ತ ಸಾಮಾನ್ಯವಾಗಿ ತಾನಾಗಿ ಹೋಗುತ್ತದೆ. ಕಣ್ಣು ಕೆಂಪಾಗಿದ್ದರೆ, ಬೆಳಕಿಗೆ ಮುಖ ಮುಚ್ಚಿಕೊಂಡರೆ, ನೀರು ಸುರಿಯುತ್ತಿದ್ದರೆ, ಎಚ್ಚರ ಇರುವಾಗಲೂ ಒಂದು ರೆಪ್ಪೆ ಸರಿಯಾಗಿ ಮುಚ್ಚದಿದ್ದರೆ ಮಾತ್ರ ತೋರಿಸಿ. ಮಗುವಿನ ರೆಪ್ಪೆಗೆ ನೀವಾಗಿ ಟೇಪ್ ಅಂಟಿಸಬೇಡಿ.

ದೊಡ್ಡವರಲ್ಲಿ ಸುಮ್ಮನೆ ಬಿಟ್ಟರೆ ಏನಾಗುತ್ತದೆ? ಹೆಚ್ಚಿನವರಿಗೆ ಬೆಳಗಿನ ಉರಿ, ಕೆಂಪು, ಮಸುಕು, ಇಷ್ಟಕ್ಕೇ ನಿಲ್ಲುತ್ತದೆ. ಕಾರ್ನಿಯಾದ ಮೇಲ್ಪದರ ಬಹಳ ಬೇಗ ಕೂಡಿಕೊಳ್ಳುವಂಥದ್ದು, ಸಣ್ಣ ಗೀರು ಒಂದೆರಡು ದಿನದಲ್ಲಿ ಮಾಯವಾಗುತ್ತದೆ. ತೊಂದರೆ ಏನೆಂದರೆ ಇಲ್ಲಿ ಹಗಲು ಕೂಡಿಕೊಂಡದ್ದು ರಾತ್ರಿ ಮತ್ತೆ ಕಿತ್ತುಹೋಗುತ್ತದೆ. ಮೇಲ್ಪದರ ಅನ್ನುವುದು ಬೇಲಿ. ಬೇಲಿ ದಿನಾ ಮುರಿದಿದ್ದರೆ ಒಂದಲ್ಲ ಒಂದು ದಿನ ಬ್ಯಾಕ್ಟೀರಿಯಾ, ಶಿಲೀಂಧ್ರ ಒಳಗೆ ನುಗ್ಗುತ್ತದೆ. ಆಗ ಆಗುವುದು ಕಾರ್ನಿಯಾದ ಹುಣ್ಣು. ಹುಣ್ಣು ಮಾಗಿದರೂ ಬಿಳಿ ಕಲೆ ಬಿಡುತ್ತದೆ. ನಮ್ಮ ಊರುಗಳಲ್ಲಿ 'ಕಣ್ಣಿನಲ್ಲಿ ಹೂವು ಬಿದ್ದಿದೆ' ಅನ್ನುತ್ತಾರಲ್ಲ, ಅದೇ. ಹೂವು ಬಿದ್ದದ್ದು ಡ್ರಾಪ್ಸ್‌ಗೆ ಹೋಗುವುದಿಲ್ಲ. ದಟ್ಟವಾಗಿದ್ದರೆ ಕಸಿಯೇ ದಾರಿ. ಇನ್ನೊಬ್ಬರು ಸತ್ತ ಮೇಲೆ ಕೊಟ್ಟ ಕಾರ್ನಿಯಾಕ್ಕೆ ಕಾಯಬೇಕು. ಕಸಿ ಮಾಡಿದರೂ ರೆಪ್ಪೆ ಮುಚ್ಚದೆ ಇದ್ದರೆ ಆ ಹೊಸ ಕಾರ್ನಿಯಾವೂ ಉಳಿಯುವುದು ಕಷ್ಟ. ಹಾಗಾಗಿ ಮೊದಲು ರೆಪ್ಪೆಯನ್ನೇ ಸರಿಮಾಡುತ್ತಾರೆ.

ನೋವು ಏರುತ್ತಿದೆ, ಬೆಳಕು ನೋಡಲಾಗುತ್ತಿಲ್ಲ, ಕಪ್ಪು ಭಾಗದಲ್ಲಿ ಬಿಳಿ ಚುಕ್ಕಿ ಕಾಣುತ್ತಿದೆ, ಮಸುಕು ಮಧ್ಯಾಹ್ನವಾದರೂ ಹೋಗಿಲ್ಲ. ಇದರಲ್ಲಿ ಒಂದಿದ್ದರೂ ಅವತ್ತೇ ಕಣ್ಣಿನ ಆಸ್ಪತ್ರೆಗೆ ಹೋಗಬೇಕು. ಎದೆಹಾಲು, ನಂದಿಬಟ್ಟಲು ಹೂವಿನ ರಸ, ಜೇನುತುಪ್ಪ, ಹರಳೆಣ್ಣೆ ಇವುಗಳನ್ನು ದಯವಿಟ್ಟು ಕಣ್ಣಿಗೆ ಬಿಡಬೇಡಿ. ನಮ್ಮ ಅಜ್ಜಿ ಬಿಡುತ್ತಿದ್ದರು, ಪ್ರೀತಿಯಿಂದಲೇ ಬಿಡುತ್ತಿದ್ದರು. ಆದರೆ ಮೇಲ್ಪದರ ಕಿತ್ತುಹೋದ ಕಣ್ಣಿಗೆ ಅದು ಸೋಂಕಿಗೆ ದಾರಿ. ಅಂಗಡಿಯಲ್ಲಿ ಚೀಟಿ ಇಲ್ಲದೆ ಕೊಡುವ ಸ್ಟೀರಾಯ್ಡ್ ಡ್ರಾಪ್ಸ್ ಇನ್ನೂ ಅಪಾಯ. ಹಾಕಿದ ದಿನ ಹಾಯೆನಿಸುತ್ತದೆ, ಒಳಗೆ ಶಿಲೀಂಧ್ರ ಇದ್ದರೆ ಹಬ್ಬುತ್ತದೆ. ತಿಂಗಳುಗಟ್ಟಲೆ ಹಾಕಿದರೆ ಕಣ್ಣಿನ ಒತ್ತಡ ಏರುತ್ತದೆ, ಪೊರೆ ಬರುತ್ತದೆ. ನಾನು ಹಾಕಿಕೊಳ್ಳುತ್ತಿದ್ದ ಕೆಂಪು ತೆಗೆಯುವ ಡ್ರಾಪ್ಸ್ ರಕ್ತನಾಳವನ್ನು ಸ್ವಲ್ಪ ಹೊತ್ತು ಕುಗ್ಗಿಸುತ್ತದೆ, ಅಷ್ಟೇ. ಬಿಟ್ಟರೆ ಕೆಂಪು ಇನ್ನೂ ಜಾಸ್ತಿಯಾಗಿ ಬರುತ್ತದೆ. ಡಾಕ್ಟರಮ್ಮ ಮೊದಲು ನಿಲ್ಲಿಸಿದ್ದೇ ಅದನ್ನು.

ಚಿಕಿತ್ಸೆ ಅಂತ ನನಗೆ ಕೊಟ್ಟದ್ದು ಬಹಳ ಸರಳ. ಹಗಲು ನಾಲ್ಕು ಸಲ ಕೃತಕ ಕಣ್ಣೀರಿನ ಹನಿ, ಪ್ರಿಸರ್ವೇಟಿವ್ (ಔಷಧಿ ಕೆಡದ ಹಾಗೆ ಸೇರಿಸುವ ರಾಸಾಯನಿಕ) ಇಲ್ಲದ್ದು. ದಿನಕ್ಕೆ ತುಂಬ ಸಲ ಹಾಕುವವರಿಗೆ ಪ್ರಿಸರ್ವೇಟಿವ್ ಅನ್ನುವುದೇ ಕಣ್ಣನ್ನು ಕೆರಳಿಸಬಹುದು. ರಾತ್ರಿ ಮಲಗುವಾಗ ಮುಲಾಮು. ಹನಿ ರಾತ್ರಿಯಿಡೀ ನಿಲ್ಲುವುದಿಲ್ಲ, ಜೆಲ್ ಸ್ವಲ್ಪ ಹೊತ್ತು ನಿಲ್ಲುತ್ತದೆ, ಮುಲಾಮು ಬೆಳಗಿನವರೆಗೂ ಜಿಡ್ಡಿನ ಪದರವಾಗಿ ಇರುತ್ತದೆ. ಹಾಕುವ ಬಗೆ ಹೀಗೆ: ಕೈ ತೊಳೆದು, ಕೆಳರೆಪ್ಪೆಯನ್ನು ಬೆರಳಲ್ಲಿ ಚೂರು ಕೆಳಗೆ ಎಳೆದು, ಆ ಗುಂಡಿಯಲ್ಲಿ ಅಕ್ಕಿಕಾಳಿನಷ್ಟು ಮುಲಾಮು ಇಡಬೇಕು. ಟ್ಯೂಬಿನ ಮೂತಿ ಕಣ್ಣಿಗೆ ತಾಗಬಾರದು. ಹಾಕಿದ ಮೇಲೆ ಎಲ್ಲ ಮಂಜು ಮಂಜು, ಹಾಗಾಗಿ ದೀಪ ಆರಿಸುವ ಮುಂಚೆ ಕೊನೆಯ ಕೆಲಸ ಇದಾಗಿರಬೇಕು. ಫ್ಯಾನ್ ನೇರ ಮುಖಕ್ಕೆ ಬಡಿಯಬಾರದು ಅಂದರು. ನಾವು ಮಂಚವನ್ನೇ ಗೋಡೆಯ ಕಡೆ ಸರಿಸಿದೆವು. ಏಸಿ ಇರುವವರು ಅದರ ಗಾಳಿಯ ದಿಕ್ಕು ತಿರುಗಿಸಬೇಕು. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ಲೆನ್ಸ್ ತೆಗೆಯದೆ ಮಲಗಲೇಬಾರದು.

ಎರಡು ವಾರದ ನಂತರವೂ ಎಡಗಣ್ಣಿನಲ್ಲಿ ಕೆಲವು ಚುಕ್ಕಿ ಉಳಿದಿತ್ತು. ಆಗ ಟೇಪ್ ಕಲಿಸಿಕೊಟ್ಟರು. ಆಸ್ಪತ್ರೆಯಲ್ಲಿ ಬಳಸುವ ಮೆತ್ತನೆಯ ಕಾಗದದ ಟೇಪು. ಮೊದಲು ಮುಲಾಮು, ಆಮೇಲೆ ರೆಪ್ಪೆಯ ಮೇಲಿನ ಜಿಡ್ಡು ಒರೆಸಿ, ಬೆರಳಿನಿಂದ ರೆಪ್ಪೆಯನ್ನು ಪೂರ್ತಿ ಕೆಳಗಿಳಿಸಿ ಹಿಡಿದು, ಮೇಲಿನ ರೆಪ್ಪೆಯಿಂದ ಕೆನ್ನೆಯ ಕಡೆಗೆ ಒಂದು ಪಟ್ಟಿ. ಒಂದು ಎಚ್ಚರಿಕೆಯನ್ನು ಅವರು ಎರಡು ಸಲ ಹೇಳಿದರು, ನಾನೂ ಹೇಳುತ್ತೇನೆ: ಕಣ್ಣಿನ ಮೇಲೆ ಹತ್ತಿ, ಗಾಜ್ ಬಟ್ಟೆ ಇಟ್ಟು ಕಟ್ಟಬೇಡಿ. ಅದರಡಿಯಲ್ಲಿ ರೆಪ್ಪೆ ತೆರೆದುಕೊಂಡರೆ ಆ ಬಟ್ಟೆಯೇ ಕಾರ್ನಿಯಾವನ್ನು ರಾತ್ರಿಯಿಡೀ ಉಜ್ಜುತ್ತದೆ. ಟೇಪ್ ಆಗದವರಿಗೆ ಈಜುಗಾರರ ಕನ್ನಡಕದ ಹಾಗೆ ಸುತ್ತ ಮುಚ್ಚಿ ಪಸೆ ಹಿಡಿದಿಡುವ ಕನ್ನಡಕಗಳು ಸಿಗುತ್ತವೆ.

ಇಷ್ಟರಲ್ಲಿ ಆಗದಿದ್ದರೆ ಶಸ್ತ್ರಚಿಕಿತ್ಸೆ. ರೆಪ್ಪೆಯ ಹೊರಮೂಲೆಯನ್ನು ಸ್ವಲ್ಪ ಹೊಲಿದು ಸಂದು ಚಿಕ್ಕದು ಮಾಡುತ್ತಾರೆ. ಇಲ್ಲವೇ ಮೇಲಿನ ರೆಪ್ಪೆಯೊಳಗೆ ಒಂದು ಗ್ರಾಂ ಆಸುಪಾಸಿನ ಚಿನ್ನದ ತುಂಡು ಇಡುತ್ತಾರೆ. ಹೌದು, ಚಿನ್ನವೇ. ಅದರ ಭಾರಕ್ಕೆ ರೆಪ್ಪೆ ಇಳಿಯುತ್ತದೆ. ಆದರೆ ಭಾರ ಕೆಲಸ ಮಾಡುವುದು ಕೂತಾಗ, ನಿಂತಾಗ. ಅಂಗಾತ ಮಲಗಿದರೆ ಅದು ರೆಪ್ಪೆಯನ್ನು ಕೆಳಗೆ ಎಳೆಯುವುದಿಲ್ಲ. ಹಾಗಾಗಿ ಚಿನ್ನ ಇಟ್ಟವರಿಗೂ ರಾತ್ರಿಯ ಮುಲಾಮು ತಪ್ಪುವುದಿಲ್ಲ.

ಒಂದು ಕಡೆ ಮಾತ್ರ ಈ ವಿಷಯ ಮನೆಯವರಾದ ನಮ್ಮ ಕೈಯಲ್ಲೂ ಇದೆ. ಐಸಿಯು. ವೆಂಟಿಲೇಟರ್ ಹಾಕಿ, ಮಂಪರು ಔಷಧಿ ಕೊಟ್ಟು ಮಲಗಿಸಿದವರಿಗೆ ರೆಪ್ಪೆ ಮುಚ್ಚುವ ಸ್ನಾಯುವೂ ಸಡಿಲ, ಗುಡ್ಡೆ ಮೇಲೆ ಹೊರಳುವುದೂ ಇಲ್ಲ. ಉರಿ ಅಂತ ಹೇಳಲು ಬಾಯಿಲ್ಲ. ಆಪರೇಷನ್ ಟೇಬಲ್ಲಿನ ಮೇಲೆ ಮತ್ತಿನ ಔಷಧಿ ಕೊಟ್ಟ ತಕ್ಷಣ ಅರಿವಳಿಕೆ ವೈದ್ಯರು ರೆಪ್ಪೆಗೆ ಟೇಪ್ ಹಾಕುವುದು ಇದಕ್ಕೇ. ಐಸಿಯುನಲ್ಲಿ ದಿನಗಟ್ಟಲೆ ಇರುವವರಿಗೆ ಇದೇ ಕಾಳಜಿ ದಿನದಲ್ಲಿ ಹಲವು ಸಲ ಬೇಕು. ನಮ್ಮ ಮಾವನವರು ಎರಡು ವರ್ಷದ ಹಿಂದೆ ಒಂಬತ್ತು ದಿನ ಐಸಿಯುನಲ್ಲಿದ್ದರು. ಅಲ್ಲಿನ ಒಬ್ಬ ನರ್ಸ್ ಪ್ರತಿ ಪಾಳಿಯಲ್ಲೂ ಅವರ ಕಣ್ಣು ಒರೆಸಿ, ಜೆಲ್ ಹಾಕಿ, ಅಡುಗೆಮನೆಯಲ್ಲಿ ಬಳಸುವಂಥ ತೆಳು ಪ್ಲಾಸ್ಟಿಕ್ ಹಾಳೆಯ ತುಂಡನ್ನು ಹುಬ್ಬಿನಿಂದ ಕೆನ್ನೆಯವರೆಗೆ ಮುಚ್ಚುತ್ತಿದ್ದಳು. ಯಾಕಮ್ಮ ಅಂತ ಕೇಳಿದ್ದಕ್ಕೆ, "ಒಳಗಿನ ಪಸೆ ಒಳಗೇ ಇರಲಿ ಅಂತ ಆಂಟಿ. ಎದ್ದ ಮೇಲೆ ಅಜ್ಜ ನಿಮ್ಮನ್ನೆಲ್ಲ ನೋಡ್ಬೇಕಲ್ಲ" ಅಂದಳು. ಆಗ ನನಗೆ ಅದರ ಬೆಲೆ ಪೂರ್ತಿ ಗೊತ್ತಾಗಲಿಲ್ಲ. ನಿಮ್ಮವರು ಯಾರಾದರೂ ಅಲ್ಲಿದ್ದರೆ, ಒಳಗೆ ಬಿಡುವ ಐದು ನಿಮಿಷದಲ್ಲಿ ರೆಪ್ಪೆ ಮುಚ್ಚಿದೆಯಾ ನೋಡಿ. ಸಂದು ಕಂಡರೆ ಅಲ್ಲಿರುವ ನರ್ಸ್‌ಗೆ ಮೆತ್ತಗೆ ಹೇಳಿ. ಯಾರೂ ತಪ್ಪು ತಿಳಿಯುವುದಿಲ್ಲ.

ಮಾವನವರು ಈಗ ದಿನಾ ಬೆಳಿಗ್ಗೆ ಪೇಪರ್ ಓದುತ್ತಾರೆ. ನನ್ನ ಎಡಗಣ್ಣಿನ ಚುಕ್ಕಿಗಳು ಹೋಗಿವೆ, ರಾತ್ರಿಯ ಮುಲಾಮು 'ಸದ್ಯಕ್ಕೆ ಬಿಡಬೇಡಿ' ಅಂದಿದ್ದಾರೆ. ಟೇಪ್ ವಾರದಲ್ಲಿ ಎರಡು ದಿನ. ಯಜಮಾನರು ರಾತ್ರಿ ನೀರು ಕುಡಿಯಲು ಎದ್ದಾಗ ಮೊಬೈಲ್ ಬೆಳಕನ್ನು ಗೋಡೆಗೆ ಬಿಟ್ಟು ನನ್ನ ಮುಖ ನೋಡಿ ಮಲಗುತ್ತಾರೆ. ಬೆಳಿಗ್ಗೆ ಕಾಫಿ ಲೋಟ ಕೊಡುವಾಗ ವರದಿ ಬರುತ್ತದೆ. "ಬಲಗಡೆ ಮುಚ್ಚಿತ್ತು. ಎಡಗಡೆ ಒಂದು ದಾರದಷ್ಟು."